ಯಾವೂರಮ್ಮ?

“ಒಳಗಡೆ ನನ್ನ ಮಾಮ ಗೀಮ ಅನ್ಬೇಡ ಕಣಮ್ಮ. ಸಾರ್ ಅನ್ನು, ಸಾಕು.”

ಗೇಟಿನ ಪಕ್ಕದ ನೆರಳಿನಲ್ಲಿ ನಿಂತು ಇಷ್ಟನ್ನು ಹೇಳುವುದರೊಳಗೆ ಓಬಳೇಶ ಒಂದೆರಡು ಸಲ ಹಿಂದೆ ತಿರುಗಿ ಆಫೀಸಿನ ಬಾಗಿಲು ನೋಡಿದ್ದ. ಶಿವಲಕ್ಷ್ಮಿ ಅವನ ಮುಖವನ್ನೇ ನೋಡುತ್ತಿದ್ದಳು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಹಬ್ಬಕ್ಕೆ ಹೊಲಿಸಿದ್ದ ಚೂಡಿದಾರ, ಎದೆಗವಚಿಕೊಂಡ ಫೈಲು. ಇಂಟರ್ವ್ಯೂಗೆ ಬಂದ ಉಳಿದವರೆಲ್ಲ ಹಿಂದಿನ ದಿನವೇ ಪಾವಗಡಕ್ಕೆ ಬಂದು ಲಾಡ್ಜಿನಲ್ಲಿ ಉಳಿದಿದ್ದರು. ಇವಳು ಮನೆಯಲ್ಲಿ ರೊಟ್ಟಿ ತಿಂದು, ಸೋಲಾರ್ ಪ್ಯಾನೆಲ್‌ಗಳ ಬೇಲಿಯ ಪಕ್ಕದ ದಾರಿ ಹಿಡಿದು ನಡೆದೇ ಬಂದಿದ್ದಳು.

“ಯಾಕ್ ಮಾಮ?”

“ಪರಿಚಯದವ್ರು ಅಂದ್ರೆ ಶಿಫಾರಸು ಅಂದ್ಕೊತಾರೆ. ನಿಂಗೇ ತೊಂದ್ರೆ.”

“ಸರಿ ಸಾರ್,” ಎಂದು ಅವಳು ನಕ್ಕಳು.

ಓಬಳೇಶನೂ ನಕ್ಕ. ಅವಳಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು. ಅದನ್ನು ನುಂಗಿಕೊಂಡೇ ಅವನು ಆಫೀಸಿನ ಕಡೆ ಹೆಜ್ಜೆ ಹಾಕಿದ.

ಓಬಳೇಶ ಹುಟ್ಟಿದ್ದು ಬೇಲಿಯಾಚೆಗಿನ ರಾಯಚರ್ಲುವಿನಲ್ಲೇ, ಶಿವಲಕ್ಷ್ಮಿಯ ಪಕ್ಕದ ಮನೆಯಲ್ಲಿ. ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅಪ್ಪ ಗಾರೆ ಕೆಲಸಕ್ಕೆಂದು ಅನಂತಪುರದ ಕಡೆ ಹೋದರೆ ಬರುವುದು ಯಾವಾಗಲೋ. ಆಗಷ್ಟೇ ಮದುವೆಯಾಗಿ ಬಂದಿದ್ದ ಪುಟ್ಟಕ್ಕ, ತನ್ನ ಮನೆಯ ಒಲೆಯ ಮೇಲೆ ಅವನ ಪಾಲಿನ ಮುದ್ದೆಯನ್ನೂ ಬೇಯಿಸುತ್ತಿದ್ದಳು. ಅತ್ತೆ ಗೊಣಗಿದರೆ, “ನಮ್ಮ ತಮ್ಮ ಅಂದ್ಕಳ್ರಿ,” ಅನ್ನುತ್ತಿದ್ದಳು. ಅಂದುಕೊಂಡಿದ್ದೇ ನಿಜವಾಯಿತು. ಮುಂದೆ ಅವಳಿಗೆ ಹುಟ್ಟಿದ ಮಗಳು ಶಿವಲಕ್ಷ್ಮಿ ಮಾತು ಕಲಿತಾಗ ಓಬಳೇಶನನ್ನು ಮಾಮ ಎಂದು ಕರೆದಳು.

ಐಟಿಐ ಓದುವುದಕ್ಕೆ ಅವನು ಮಧುಗಿರಿಯಲ್ಲಿದ್ದ ದೂರದ ನೆಂಟರ ಮನೆ ಸೇರಿದ್ದ. ಆಮೇಲೆ ಊರಿನ ಕಡಲೆಕಾಯಿ ಹೊಲಗಳ ಮೇಲೆಲ್ಲ ಪ್ಯಾನೆಲ್ ಎದ್ದವು. ಕಂಪನಿಗಳು ಬಂದವು, ಕೆಲಸಕ್ಕೆ ಕರೆದರು. ಅವನ ಮುಂದೆ ಸಾಲಿನಲ್ಲಿ ನಿಂತಿದ್ದ ಹುಡುಗ, ಅವನಷ್ಟೇ ಓದಿದವನು, ಪಕ್ಕದ ಹಳ್ಳಿಯ ಹೆಸರು ಹೇಳಿದ. ಅವನ ಕೈಗೆ ವಾಚ್‌ಮನ್ ಕೋಲು ಕೊಟ್ಟರು. ಓಬಳೇಶನ ಸರದಿ ಬಂತು. “ಯಾವೂರು?” ಎಂದರು. “ಮಧುಗಿರಿ ಸಾರ್,” ಅಂದುಬಿಟ್ಟ. ಟೆಕ್ನಿಷಿಯನ್ ಆದ. ಈಗ ಸೂಪರ್‌ವೈಸರ್.

ಎರಡು ವರ್ಷ ಓದಿದ ಊರನ್ನು ಹುಟ್ಟೂರು ಮಾಡಿಕೊಂಡವನು ಆ ಸುಳ್ಳನ್ನು ಅಲ್ಲಿಗೆ ಬಿಡಲಿಲ್ಲ. ಮಧುಗಿರಿಯಲ್ಲೇ ಬಾಡಿಗೆಗೆ ಮನೆ ಹಿಡಿದು, ಹೆಂಡತಿಯನ್ನು ಇರಿಸಿ, ಮಗಳು ಮಧುಶ್ರೀಯನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿ ಅದನ್ನು ನಿಜವನ್ನಾಗಿಯೇ ಮಾಡಿಬಿಟ್ಟ. ವಾರವೆಲ್ಲ ಕಂಪನಿಯ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಬೈಕ್ ಹತ್ತಿ ಮನೆಗೆ ಹೋಗುತ್ತಿದ್ದ. ಹುಲ್ಲು ಕೊಯ್ಯಲು, ಪ್ಯಾನೆಲ್ ತೊಳೆಯಲು ಬರುವ ಊರಿನವರಿಗೆ ಎಲ್ಲವೂ ಗೊತ್ತಿತ್ತು. ಅವರನ್ನು ಕೆಲಸಕ್ಕೆ ಹಚ್ಚಿದವನು ಅವನೇ ಆದ್ದರಿಂದ ಆಫೀಸಿನಲ್ಲಾಗಲಿ ಊರಿನಲ್ಲಾಗಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮ್ಯಾನೇಜರ್‌ಗಳಂತೂ ಒಬ್ಬರ ಹಿಂದೊಬ್ಬರು ಬಂದು ಹೋಗುವವರು.

ಶಿವಲಕ್ಷ್ಮಿಗೆ ಹೇಳಬೇಕಿದ್ದ ಇನ್ನೊಂದು ಮಾತು ಇದೇ. ಯಾವೂರು ಎಂದರೆ ಪಾವಗಡ ಅನ್ನು, ಮಧುಗಿರಿ ಅನ್ನು, ಬೇಕಾದರೆ ಶಿರಾ ಅನ್ನು. ಅವನು ಮರೆತಿರಲಿಲ್ಲ. ಹೇಳಿದರೆ ಅವಳು “ಯಾಕ್ ಮಾಮ?” ಎಂದು ಕೇಳುತ್ತಿದ್ದಳು. ಆಗ ತನ್ನ ಕಥೆಯನ್ನೆಲ್ಲ ಬಿಚ್ಚಬೇಕಾಗುತ್ತಿತ್ತು.

ಮ್ಯಾನೇಜರ್ ಪ್ರಸನ್ನ ಕುಮಾರ್ ಮೈಸೂರಿನವರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಪಕ್ಕದಲ್ಲಿ ಓಬಳೇಶನನ್ನು ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕರೆದರು. ಕಂಟ್ರೋಲ್ ರೂಮಿನಲ್ಲಿ ಖಾಲಿ ಇದ್ದದ್ದು ಒಂದೇ ಕೆಲಸ. ತುಮಕೂರಿನ ನವೀನ್ ಕುಮಾರ್ ಎನ್ನುವವನು ಇಂಗ್ಲಿಷಿನಲ್ಲಿ ಬಡಬಡನೆ ಮಾತಾಡಿ ಹೋದ. ಕೇಳಿದ್ದಕ್ಕೆ ಉತ್ತರ ಬಂತೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಥ್ಯಾಂಕ್ಯೂ ಹೇಳಿ ಎದ್ದಿದ್ದ.

ಶಿವಲಕ್ಷ್ಮಿ ಕುರ್ಚಿಯ ತುದಿಯಲ್ಲಿ ಕುಳಿತಳು. ಇಂಗ್ಲಿಷಿನಲ್ಲಿ ಶುರು ಮಾಡಿ, ಎಡವಿ, “ಕನ್ನಡದಲ್ಲಿ ಹೇಳ್ಬೋದಾ ಸಾರ್?” ಎಂದಳು. ಧಾರಾಳವಾಗಿ ಎಂದರು ಪ್ರಸನ್ನ ಕುಮಾರ್. ಒಂದು ಸಾಲಿನ ಪ್ಯಾನೆಲ್‌ಗಳಿಂದ ಕರೆಂಟು ಕಡಿಮೆ ಬಂದರೆ ಏನು ಮಾಡುತ್ತೀ ಎಂದು ಕೇಳಿದರು.

“ಮೊದ್ಲು ಹೋಗಿ ಕಣ್ಣಲ್ಲಿ ನೋಡ್ತೀನಿ ಸಾರ್. ಧೂಳು ಕೂತಿರ್ತೈತೆ, ಇಲ್ಲಾಂದ್ರೆ ಹಕ್ಕಿ ಗಲೀಜು ಮಾಡಿರ್ತೈತೆ. ಅದೂ ಇಲ್ಲ ಅಂದ್ರೆ ಆಮೇಲೆ ಫ್ಯೂಸು, ಕೇಬಲ್ಲು.”

ಪ್ರಸನ್ನ ಕುಮಾರ್ ಜೋರಾಗಿಯೇ ನಕ್ಕರು. “ಕೂತಲ್ಲಿಂದ ಎದ್ದು ಹೋಗಿ ನೋಡ್ತೀನಿ ಅಂದವಳು ಇವತ್ತು ನೀನೊಬ್ಬಳೇ. ಯಾವೂರಮ್ಮ ನಿಂದು?”

“ಇಲ್ಲೇ ಸಾರ್, ರಾಯಚರ್ಲು!” ಅವಳ ಬೆನ್ನು ನೆಟ್ಟಗಾಯಿತು. ಅವರ ಹಿಂದಿನ ಕಿಟಕಿಯ ಕಡೆ ಕೈ ತೋರಿಸಿದಳು. “ಅಗೋ ಆ ಬೇವಿನ್ ಮರದಿಂದ ಆಚೆಗಿರೋ ಪ್ಯಾನೆಲ್ ಎಲ್ಲಾ ನಮ್ಮಪ್ಪನ ಹೊಲದಾಗೇ ಇರೋದು ಸಾರ್. ಕಂಪ್ನಿಗೆ ಬಾಡಿಗೆಗೆ ಕೊಟ್ಟವ್ರೆ. ಚಿಕ್ಕೋಳಿದ್ದಾಗ ನಾನಲ್ಲಿ ಕಡ್ಲೆಕಾಯಿ ಬಿಡಿಸ್ತಿದ್ದೆ.”

ಅವಳಿಗೆ ಅದು ತನ್ನ ಬಳಿಯಿದ್ದ ಎಲ್ಲಕ್ಕಿಂತ ದೊಡ್ಡ ಸರ್ಟಿಫಿಕೇಟು. ಓಬಳೇಶ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತ. ಪ್ರಸನ್ನ ಕುಮಾರ್ ಕಿಟಕಿಯತ್ತ ನೋಡಿ, ಹೌದಾ ಎಂದು, ಆಮೇಲೆ ಹೇಳಿ ಕಳಿಸುತ್ತೇವೆ ಎಂದರು. ಅವಳು ಎದ್ದು ಇಬ್ಬರಿಗೂ ಕೈ ಮುಗಿದಳು. “ಬರ್ತೀನಿ ಸಾರ್,” ಎಂದು ಓಬಳೇಶನಿಗೂ ಬೇರೆಯಾಗಿ ಹೇಳಿದಳು, ಮುಖದಲ್ಲಿ ಪರಿಚಯದ ಎಳೆಯೂ ಕಾಣದ ಹಾಗೆ.

ಬಾಗಿಲು ಮುಚ್ಚಿದ ಮೇಲೆ ಪ್ರಸನ್ನ ಕುಮಾರ್ ಚಹಾ ತರಿಸಿದರು.

“ಹುಡುಗಿ ಚೆನ್ನಾಗಿದಾಳೆ ಕಣ್ರೀ. ನನಗೇನೋ ಅವಳನ್ನೇ ತಗೋಬೇಕು ಅನ್ನಿಸ್ತಿದೆ. ಆದ್ರೆ ಲೋಕಲ್. ಹೋದ ವರ್ಷ ಗೇಟಿಗೆ ಬೀಗ ಹಾಕಿ ಕೂತಿದ್ರಲ್ಲ ಊರವರು, ಹೆಡ್ಡಾಫೀಸಿನವರಿಗೆ ಮೊದಲೇ ಲೋಕಲ್ ಅಂದ್ರೆ ಅಷ್ಟಕ್ಕಷ್ಟೇ, ಆಮೇಲಿಂದ ಆಗೋದೇ ಇಲ್ಲ.” ಚಹಾ ಊದಿಕೊಂಡು ಅವನತ್ತ ತಿರುಗಿದರು. “ನೀವು ಹೊರಗಿನವರು. ಆದ್ರೂ ಈ ಜನದ ಜೊತೆ ಇಷ್ಟು ವರ್ಷ ಏಗಿದೀರಿ. ಇವಳು ಪರವಾಗಿಲ್ಲ, ನನ್ನ ಜವಾಬ್ದಾರಿ ಅಂತ ನೀವೊಂದು ಮಾತು ಹೇಳಿ. ಹೆಡ್ಡಾಫೀಸಿಗೆ ನಾನು ಉತ್ತರ ಕೊಟ್ಕೋತೀನಿ.”

ಒಂದು ಮಾತು. ಅದನ್ನು ಆಡುವುದಕ್ಕೆ ಓಬಳೇಶನಿಗೆ ಬೇಕಾದಷ್ಟು ಸಮಯವಿತ್ತು. ಚಹಾ ಆರುವಷ್ಟು ಹೊತ್ತು ಅವನು ಯೋಚಿಸಿದ. ಇವಳು ದಿನಾ ಇದೇ ಕಟ್ಟಡದಲ್ಲಿ ಓಡಾಡುತ್ತಾಳೆ. ಇವತ್ತು ಸಾರ್ ಅಂದವಳು ಒಂದು ದಿನ ಬಾಯಿ ತಪ್ಪಿ ಮಾಮ ಅನ್ನುತ್ತಾಳೆ. ಪುಟ್ಟಕ್ಕ ಬುತ್ತಿ ಹಿಡಿದು ಗೇಟಿಗೆ ಬಂದು, “ನಮ್ಮ ಓಬಳೇಸ ಅವ್ನಾ?” ಎಂದು ಕೇಳುತ್ತಾಳೆ. ಆಗ ಮಧುಗಿರಿ ಎಲ್ಲಿ ಉಳಿಯುತ್ತದೆ? ಮಧುಶ್ರೀಯ ಶಾಲೆ ಎಲ್ಲಿ ಉಳಿಯುತ್ತದೆ?

“ಏನೇ ಹೇಳಿ ಸಾರ್, ಲೋಕಲ್ ಅಂದ್ರೆ ಲೋಕಲ್ಲೇ,” ಎಂದ.

“ಅದೂ ಸರಿ,” ಎಂದು ಪ್ರಸನ್ನ ಕುಮಾರ್ ನಿಟ್ಟುಸಿರುಬಿಟ್ಟರು. ನವೀನ್ ಕುಮಾರನನ್ನು ಕರೆಯಲು ಹೇಳಿದರು. “ಪಾಪ, ಆ ಹುಡುಗಿಗೆ ನೀವೇ ಹೇಳಿಬಿಡಿ. ಪ್ಯಾನೆಲ್ ತೊಳೆಯೋರ ಜೊತೆ ಬರ್ತೀನಿ ಅಂದ್ರೆ ಸೇರಿಸ್ಕೊಳ್ಳಿ.”

ಅವಳು ಗೇಟಿನ ನೆರಳಿನಲ್ಲೇ ಕಾಯುತ್ತಿದ್ದಳು. ಅವನ ನಡಿಗೆ ನೋಡಿಯೇ ಅವಳಿಗೆ ಅರ್ಥವಾಯಿತು.

“ನಾನೇನ್ ತಪ್ ಹೇಳ್ದೆ ಸಾರ್?”

ಪ್ಯಾನೆಲ್ ತೊಳೆಯುವ ಮಾತನ್ನು ಅವನು ಆಡಲಾರದೆ ಹೋದ. ಅಷ್ಟಾದರೂ ಮರ್ಯಾದೆ ಉಳಿದಿತ್ತಲ್ಲ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಅದರ ಬದಲಿಗೆ ಆಡಿದ ಮಾತು ಅದಕ್ಕಿಂತ ಕಡೆಯದಾಗಿತ್ತು.

“ತಪ್ಪೇನಿಲ್ಲಮ್ಮ. ಇಂಗ್ಲಿಷ್ ಸಾಲ್ದು ಅಂದ್ರು.”

ಶಿವಲಕ್ಷ್ಮಿ ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಅತ್ತುಬಿಟ್ಟಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅಳಲಿಲ್ಲ. “ಅಷ್ಟೇನಾ? ಅದ್ನ ಕಲ್ತ್‌ಕಂಬೋದು ಬುಡಿ ಸಾರ್,” ಎಂದು ಬೇಲಿಯ ದಾರಿ ಹಿಡಿದು ಹೊರಟಳು.

ನವೀನ್ ಕುಮಾರ್ ಮುಂದಿನ ವಾರವೇ ಬಂದು ಸೇರಿದ. ಒಳ್ಳೆಯ ಹುಡುಗನೇ, ಕಲಿಯುವ ಆಸೆಯೂ ಇತ್ತು. ಮೊದಲ ದಿನ ಕಿಟಕಿಯಿಂದ ಹೊರಗೆ ನೋಡಿ, “ಇಲ್ಲಿ ಏನೂ ಇಲ್ವಲ್ಲ ಸಾರ್, ಜನ ಹೇಗಿರ್ತಾರೆ?” ಎಂದು ಕೇಳಿದ. ಬೇವಿನ ಮರದಾಚೆ ಪ್ಯಾನೆಲ್‌ಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಓಬಳೇಶನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಆ ಹುಡುಗನ ಮೇಲಲ್ಲ. ಇರ್ತಾರಪ್ಪ ಎಂದಷ್ಟೇ ಹೇಳಿ ಎದ್ದುಹೋದ.

ಆಮೇಲೆ ಅವನಿಗೆ ಇಂಗ್ಲಿಷ್ ಸಾಲದು ಎಂದ ತನ್ನದೇ ದನಿ ಕೆಲಸದ ನಡುವೆ ಕೇಳುತ್ತಿತ್ತು. ಕೆಲಸ ತಪ್ಪಿಸಿದ್ದು ಒಂದು ಪಾಪ, ತಪ್ಪು ಅವಳದೇ ಎಂದು ನಂಬಿಸಿದ್ದು ಇನ್ನೊಂದು. ಮೊದಲನೆಯದಕ್ಕೆ ಹೊಟ್ಟೆಪಾಡು ಎಂದು ಏನಾದರೂ ನೆಪ ಹೇಳಬಹುದು, ಎರಡನೆಯದಕ್ಕೆ ಯಾವ ನೆಪವೂ ಸಿಗಲಿಲ್ಲ. ಕಡೆಗೆ ಒಂದು ಶನಿವಾರ ಮಧುಗಿರಿಗೆ ಹೊರಟವನು ಬೈಕನ್ನು ರಾಯಚರ್ಲು ಕಡೆಗೆ ತಿರುಗಿಸಿದ. ಹೇಳಿಯೇ ಬಿಡುವುದು. ನಿನ್ನ ಇಂಗ್ಲಿಷಿನಿಂದಲ್ಲಮ್ಮ, ನನ್ನಿಂದ. ಮುಂದಿನ ಸಲ ಬೇರೆ ಕಂಪನಿಗೆ ಹೋದಾಗ ಈ ಊರಿನ ಹೆಸರು ಎತ್ತಬೇಡ. ಬೇಕಾದರೆ ಮಧುಗಿರಿಯ ನಮ್ಮ ಮನೆಯಲ್ಲೇ ಬಂದಿರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಹೊತ್ತು ಇಳಿಯುತ್ತಿತ್ತು. ಪುಟ್ಟಕ್ಕ ಅಂಗಳದ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.

“ಅಮ್ಮಾ, ಸಾರ್ ಬಂದವ್ರೆ,” ಎಂದಳು ಶಿವಲಕ್ಷ್ಮಿ ಬಾಗಿಲಿನಿಂದ.

“ಯಾವ್ ಸಾರೇ? ನಿಮ್ಮ ಮಾಮ ಕಣೇ ಅದು!”

“ಅಭ್ಯಾಸ ಮಾಡ್ಕಂತಾ ಇದೀನಮ್ಮ. ಮುಂದಿನ್ ಸಲ ಬಾಯಿ ತಪ್ಪಿ ಏನಾನ ಅಂದ್ಬುಟ್ರೆ ಅವ್ರಿಗೇ ಕಷ್ಟ.”

ಹೇಳಿಕೊಟ್ಟಿದ್ದು ಅವನೇ. ಮಾಮ ಅನ್ನು ಎಂದು ಈಗ ಕೇಳುವುದಾದರೂ ಯಾವ ಬಾಯಲ್ಲಿ? ಅವನು ಜಗಲಿಯ ಮೇಲೆ ಕುಳಿತ. ಪುಟ್ಟಕ್ಕ ತಟ್ಟೆಗೆ ಮುದ್ದೆ ಇಟ್ಟು ಹುರುಳಿಕಾಳಿನ ಸಾರು ಬಿಟ್ಟು ತಂದು ಮುಂದಿಟ್ಟಳು.

“ಉಣ್ಣಪ್ಪ ನಾಯ್ನಾ. ಕೆಲ್ಸ ಆಗ್ನಿಲ್ಲ ಅಂತ ಯಾಕಂಗೆ ಮಕ ಸಣ್ಣಗ್ ಮಾಡ್ಕಂಡಿದೀಯ? ನೀನೇನ್ ಮಾಡಕಾಯ್ತೈತೆ? ನಿನ್ ಕೈಲಿದ್ದಿದ್ರೆ ಕೊಡಿಸ್ದೆ ಇರ್ತಿದ್ಯಾ?”

ಓಬಳೇಶ ಮುದ್ದೆ ಮುರಿದ. ಬೆರಳು ಸುಟ್ಟಿತು.

“ಅಕ್ಕ, ಒಂದ್ ಮಾತು...”

“ಮೊದ್ಲು ಉಣ್ಣು. ಪಾಪ ಏನೋ ಕಲ್ತವ್ಳೆ, ನೋಡುವಂತೆ. ಹೊತ್ತಾರೆಯಿಂದ ಸಾಯಂಕಾಲದಗಂಟ ಫೋನ್ ಮುಂದೆ ಕೂತು ಇಂಗ್ಲಿಷೇ ಇಂಗ್ಲಿಷು. ನಂಗೂ ಬಂದ್ಬುಡ್ತೈತೆ ಇನ್ನೊಂದೀಟ್ ದಿನ ಕೇಳ್ಸ್‌ಕಂಡ್ರೆ.”

ಶಿವಲಕ್ಷ್ಮಿ ನಾಚಿಕೊಂಡಳು. ಆಮೇಲೆ ಫೋನನ್ನು ಕಿಟಕಿಯ ಮೇಲಿಟ್ಟು, ಹೊಸ್ತಿಲಿನಲ್ಲಿ ನಿಂತು, ಆಫೀಸಿನಲ್ಲಿ ಕೈ ಮುಗಿದಂತೆಯೇ ಮುಗಿದಳು.

“ಗುಡ್ ಮಾರ್ನಿಂಗ್ ಸರ್. ಮೈ ನೇಮ್ ಈಸ್ ಶಿವಲಕ್ಷ್ಮಿ. ಐ ಆಮ್ ಫ್ರಮ್ ರಾಯಚರ್ಲು ವಿಲೇಜ್. ಐ ಹ್ಯಾವ್ ಕಂಪ್ಲೀಟೆಡ್ ಡಿಪ್ಲೊಮಾ ಇನ್ ಎಲೆಕ್ಟ್ರಿಕಲ್.”

ಎಲ್ಲಿಯೂ ಎಡವಲಿಲ್ಲ. ಅಷ್ಟು ಸಲೀಸಾಗಿ ಬರಬೇಕಾದರೆ ಅದೇ ಮಾತನ್ನು ಅವಳು ಎಷ್ಟು ಸಲ ಹೇಳಿಕೊಂಡಿರಬೇಕು ಎಂದು ಓಬಳೇಶ ಎಣಿಸಲಾರದೆ ಹೋದ.

“ಸರಿಯಾಗೈತಾ ಸಾರ್? ಯಾವ್ದಾನ ತಪ್ಪಿದ್ರೆ ಈಗ್ಲೇ ಹೇಳ್ಬುಡಿ. ತಿದ್ಕಂತೀನಿ.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಪುಟ್ಟಕ್ಕ ಸೌಟು ಹಿಡಿದು, ಅವನು ಏನು ಹೇಳುತ್ತಾನೋ ಎಂದು ಕಾಯುತ್ತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ತುಂಬಿತ್ತು. ಮಗಳ ಮೇಲೆ ಮಾತ್ರವಲ್ಲ, ಇಂಥದ್ದನ್ನು ತೂಗಿ ನೋಡಬಲ್ಲ ತಮ್ಮನೊಬ್ಬ ತನ್ನ ಜಗಲಿಯ ಮೇಲೆ ಕೂತಿದ್ದಾನೆ ಎನ್ನುವ ಹೆಮ್ಮೆಯೂ ಇತ್ತು. ಓಬಳೇಶ ತುತ್ತು ನುಂಗಿದ.

“ಸರಿಯಾಗೈತಮ್ಮ,” ಎಂದ. “ಎಲ್ಲಾ ಸರಿಯಾಗೈತೆ.”

“ಊರಿನ್ ಹೆಸ್ರು ಬಂದಾಗ ದನಿ ಮೆಲ್ಲಗಾಗ್ತೈತೆ ಅಂತಾಳೆ ಅಮ್ಮ. ತಡೀರಿ, ಇನ್ನೊಂದ್ ಸಲ ಹೇಳ್ತೀನಿ.”

ಶಿವಲಕ್ಷ್ಮಿ ಗಂಟಲು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. ಈ ಸಲ ಊರಿನ ಹೆಸರನ್ನು ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಹೇಳಿದಳು. ಪಕ್ಕದ್ದು ಓಬಳೇಶ ಹುಟ್ಟಿದ ಮನೆ. ಅದರ ಬಾಗಿಲಿಗೆ ಅವನೇ ಹಾಕಿಹೋಗಿದ್ದ ಬೀಗ ತುಕ್ಕು ಹಿಡಿದು ಹಾಗೆಯೇ ನೇತಾಡುತ್ತಿತ್ತು.