ಕದಲದ ರಿಂಗು

ಸೈಕಲ್ ಮೇಲೆ ಕೂತ ತಕ್ಷಣ ಗುಬ್ಬಿಗೆ ಏನೋ ಎಡವಟ್ಟಾಗಿದೆ ಅನಿಸಿತು. ಮುಂದಿನ ಗಾಲಿ ಹಿಡಿದಿರುವ, ಗಾಳಿ ತುಂಬಿದ ಫೋರ್ಕು ಅವಳ ಭಾರಕ್ಕೆ ಕುಸಿಯಲೇ ಇಲ್ಲ.

ಅಣ್ಣನ ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮೊಣಕೈ ಊರಿ, ಎರಡೂ ಕಾಲನ್ನು ಪೆಡಲ್ ಮೇಲಿಟ್ಟು, ಇನ್ನೊಮ್ಮೆ ಪೂರ್ತಿ ಭಾರ ಬಿಟ್ಟಳು. ಇಳಿದು ನೋಡಿದಳು. ಸವಾರನ ಭಾರಕ್ಕೆ ಫೋರ್ಕು ಎಷ್ಟು ಕುಸಿಯಿತೆಂದು ತೋರಿಸಲು ಅದರ ಕಾಲಿಗೊಂದು ಸಣ್ಣ ರಬ್ಬರ್ ರಿಂಗು ಹಾಕಿರುತ್ತಾರೆ. ಅದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ನಿನ್ನೆ ಇದೇ ರಿಂಗು ಕಾಲು ಭಾಗ ಮೇಲೇರಿತ್ತು. "ನಿಂಗೆ ಅಂತಲೇ ಅಳತೆ ತಗೊಂಡು ಹೊಲಿಸಿದ ಹಾಗಿದೆ ಕಣೇ" ಎಂದು ಅಣ್ಣ ಬೀಗಿದ್ದ.

ಫೋರ್ಕಿನ ಗಾಳಿ ತಾನಾಗಿ ಕಮ್ಮಿಯಾಗಬಹುದು. ತಾನಾಗಿ ಹೆಚ್ಚಾಗುವುದಿಲ್ಲ.

ಪಂಪು ಸಿಕ್ಕಿಸಿ ನೋಡಿದಳು. ಒತ್ತಡ ತೋರಿಸುವ ಮುಳ್ಳು ಅವಳ ಗುರುತು ದಾಟಿ ಎಲ್ಲೋ ಹೋಗಿ ನಿಂತಿತು. ಅಷ್ಟು ಗಾಳಿ ಬೇಕಾಗುವ ದೇಹ ಈ ಮನೆಯಲ್ಲಿ ಒಂದೇ ಒಂದು: ಅತ್ತಿಗೆಯ ತಮ್ಮ, ಎಲ್ಲರ ಬಾಯಲ್ಲಿ ಗೂಳಿ.

ಫೋರ್ಕ್ ತಯಾರಿಸುವ ಕಂಪನಿಯವರು ಇವತ್ತು ಮಧ್ಯಾಹ್ನ ಗುಡ್ಡ ಇಳಿಯುವ ಸ್ಪರ್ಧೆ ನಡೆಸಲು ಬರುವವರಿದ್ದರು. ಒಂದು ಅಂಗಡಿಯಿಂದ ಒಬ್ಬರೇ ಸವಾರರು. ಗೆದ್ದವರಿಗೆ ಕಂಪನಿಯ ತಂಡದಲ್ಲಿ ಜಾಗ. ಅದಕ್ಕಾಗಿ ಅಣ್ಣ ಬೇಸಿಗೆಯಿಡೀ ಈ ಫೋರ್ಕನ್ನು ಬಿಚ್ಚಿ, ಜೋಡಿಸಿ, ಅವಳ ಸವಾರಿಗೆ ಹೊಂದಿಸಿದ್ದ. ಅವಳು ಹಾರುವವಳಲ್ಲ. ಗಾಲಿಯನ್ನು ನೆಲಕ್ಕೆ ಅಂಟಿಸಿಕೊಂಡು ಇಳಿಯುವವಳು, ತಿರುವು ಮೂಗಿಗೆ ಬಡಿಯುವಷ್ಟು ಹತ್ತಿರ ಬಂದ ಮೇಲೆ ಬ್ರೇಕ್ ಹಿಡಿಯುವವಳು. ಪ್ರತಿ ಸಲ ಕೆಳಗೆ ಬಂದಾಗಲೂ ಅಣ್ಣ ಕೇಳುತ್ತಿದ್ದ, "ಕೈಗೆ ಹೆಂಗನ್ನಿಸ್ತು?" ಅವಳು ಒಂದನ್ನೂ ಬಿಡದೆ ಹೇಳುತ್ತಿದ್ದಳು.

ಅಣ್ಣ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ಗೂಳಿ ಯಾವಾಗ ಕೂತಿದ್ದ ಇದ್ರ ಮೇಲೆ?" ಗುಬ್ಬಿ ಕೇಳಿದಳು.

"ಯಾರು ಹೇಳಿದ್ರು?"

"ನಿನ್ನ ಫೋರ್ಕೇ ಹೇಳ್ತು. ಇಷ್ಟು ಗಾಳಿ ಇನ್ಯಾರಿಗೆ ಬೇಕು, ಲಾರಿಗಾ?"

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. "ಹೇಳೋಣ ಅಂತಲೇ ಇದ್ದೆ ಕಣೇ."

"ಯಾವಾಗ? ಅವನು ಗುಡ್ಡ ಇಳಿದ ಮೇಲಾ?"

"ನೋಡು, ಅವರು ವಿಡಿಯೊ ಮಾಡ್ಕೊಳ್ಳೋಕೆ ಬರ್ತಿರೋದು. ಅವನು ಹಾರ್ತಾನೆ, ನೀನು ಇಳೀತೀಯ. ಇಳಿಯೋದನ್ನ ಯಾರು ನೋಡ್ತಾರೆ? ನಿಮ್ಮ ಅತ್ತಿಗೆ ಬೇರೆ ನನ್ನ ಹತ್ರ ಮಾತು ಬಿಟ್ಟು ಕೂತಿದ್ಲು. ನಂಗೂ ಮನೇಲಿ ನೆಮ್ಮದಿ ಬೇಡ್ವಾ? ಅವನ ಹೆಸರು ಕಳ್ಸಾಯ್ತು, ಬಿಡು."

"ನೆಮ್ಮದಿ ನಿಂದು. ಜಾಗ ನಂದ್ಯಾಕೆ ಕೊಟ್ಟೆ?"

ಅವನು ದನಿ ತಗ್ಗಿಸಿ, "ಒಂದ್ಸಲ ಕೈಯಾಡ್ಸಿ ನೋಡೇ, ಅವನಿಗೆ ಸರಿಯಾಗಿದ್ಯಾ ಅಂತ. ನೀನು ನೋಡಿದ್ರೆ ನಂಗೆ ಧೈರ್ಯ" ಎಂದ.

ಜಾಗ ಹೋದದ್ದಕ್ಕಿಂತ ಈ ಮಾತಿಗೆ ಅವಳಿಗೆ ಹೆಚ್ಚು ಉರಿಯಿತು. ಸಿಟ್ಟಿನಲ್ಲೇ ಹ್ಯಾಂಡಲ್ ಒತ್ತಿ ಬಿಟ್ಟಳು. ಫೋರ್ಕು ಚಂಗನೆ ಮೇಲೆ ಚಿಮ್ಮಿತು.

ಅಣ್ಣ ಗಾಳಿ ಏರಿಸಿದ್ದ, ರೀಬೌಂಡ್ ಮುಟ್ಟಿರಲಿಲ್ಲ. ಕುಸಿದ ಫೋರ್ಕು ಎಷ್ಟು ವೇಗದಲ್ಲಿ ಮೇಲೆ ಬರಬೇಕೆಂದು ನಿರ್ಧರಿಸುವ, ಕೆಳತುದಿಯ ಕೆಂಪು ತಿರುಗಣೆ ಇನ್ನೂ ಅವಳ ಹಗುರ ಮೈಗೆ ಹೊಂದಿಸಿದ್ದ ಜಾಗದಲ್ಲೇ ಇತ್ತು. ಇದನ್ನು ಹೀಗೇ ಬಿಟ್ಟರೆ, ಎತ್ತರದಿಂದ ಹಾರಿ ನೆಲ ಮುಟ್ಟಿದ ಗೂಳಿಯನ್ನು ಫೋರ್ಕು ಹ್ಯಾಂಡಲ್ ಸಮೇತ ಒದೆಯುತ್ತದೆ. ಅವಳೇನೂ ಮಾಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಒಳ್ಳೆಯವರು ಯೋಚಿಸುವುದಕ್ಕಿಂತ ಹೆಚ್ಚು ಹೊತ್ತು ಅವಳು ಅದನ್ನೇ ಯೋಚಿಸಿದಳು.

ಅಷ್ಟರಲ್ಲಿ ಗೂಳಿಯೇ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಮೊಣಕಾಲಿನ ಪ್ಯಾಡು, ಮುಖದ ತುಂಬ ಹಲ್ಲು.

"ಅಕ್ಕಾ, ಥ್ಯಾಂಕ್ಸ್ ಅಕ್ಕಾ. ಭಾವ ಹೇಳಿದ್ರು, ನಿಮಗೆ ಭಯ ಆಗ್ತಿದೆ, ನೀವೇ ಬೇಡ ಅಂದ್ರಿ ಅಂತ. ಭಯ ಎಲ್ರಿಗೂ ಆಗುತ್ತೆ ಬಿಡಿ, ನಾಚ್ಕೊಳ್ಳೋದೇನಿದೆ."

ಗುಬ್ಬಿ ಅಣ್ಣನ ಕಡೆ ನೋಡಿದಳು. ಅವನು ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳನ್ನು ನೋಡುತ್ತಿದ್ದ.

"ಹೌದು ಕಣೋ, ಭಯ ಆಯ್ತು. ಈಗ ತಾನೇ" ಎಂದಳು. "ಬಾ, ಹತ್ತು."

ಅವನು ಹತ್ತಿದ. ರಿಂಗು ಸರಿಯಾದ ಕಡೆಗೆ ಬಂತು. ಅವಳು ನೆಲಕ್ಕೆ ಕೂತು ಕೆಂಪು ತಿರುಗಣೆಯನ್ನು ಟಿಕ್ ಟಿಕ್ ಎಂದು ತಿರುಗಿಸುತ್ತ, "ಒತ್ತಿ ಬಿಡು... ಇನ್ನೊಂದ್ಸಲ" ಎನ್ನುತ್ತ ಹೋದಳು. ಫೋರ್ಕು ಚಿಮ್ಮುವುದು ಬಿಟ್ಟು ನಿಧಾನಕ್ಕೆ ಉಸಿರು ತೆಗೆದುಕೊಂಡಂತೆ ಮೇಲೇಳಲು ಶುರುಮಾಡಿದ ಮೇಲೆ ಎದ್ದಳು.

"ಇದನ್ನ ಮುಟ್ಬೇಡ. ಯಾರು ಹೇಳಿದ್ರೂ ಮುಟ್ಬೇಡ. ನಿಮ್ಮ ಭಾವ ಹೇಳಿದ್ರೂ."

ಬೀದಿಗೆ ಬಂದು ತನ್ನ ಹಳೇ ಸೈಕಲ್ಲಿನ ಬೀಗ ತೆಗೆದಳು. ಅಣ್ಣ ಹಿಂದೆಯೇ ಓಡಿಬಂದ.

"ಗುಡ್ಡದ ಹತ್ರ ಬರಲ್ವಾ? ಹೋಗ್ಲಿ, ಮನೆಗಾದ್ರೂ ಬರ್ತೀಯ ತಾನೆ? ಅಮ್ಮ ಕೇಳಿದ್ರೆ ಏನ್ ಹೇಳ್ಲಿ?"

"ಭಯ ಆಗಿ ಓಡಿಹೋದ್ಲು ಅನ್ನು. ನೀನು ಹೇಳಿದ್ರೆ ನಂಬ್ತಾಳೆ." ಅವಳು ಪೆಡಲ್ ಮೇಲೆ ಕಾಲಿಟ್ಟಳು. "ನಾನೂ ನಂಬ್ತಿದ್ದೆ."