ಬಾಗಿಲಲ್ಲಿ ಕೂತು ಹೃದಯ ಕಲಿಸಿದ ಅತ್ತೆ

ಮೈಕಮ್ಮನ ಗಂಟಲಿಗೆ ರೈಲುಗಳೇ ಹೆದರುತ್ತಿದ್ದವು. ನಿಲ್ದಾಣದಲ್ಲಿ ಕೂತು, ತಲೆ ನರೆಯುವವರೆಗೂ ರೈಲು ಬರುವ ಹೋಗುವ ಸಮಯವನ್ನು ಕೂಗಿ ನಿವೃತ್ತಳಾದವಳು. ಒಮ್ಮೆ ಮೈಕು ಕೆಟ್ಟೇ ಹೋಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮೂರು ಊರಾಚೆ ನಿಂತಿದ್ದ ಗಾಡಿಯೂ ಅವಳ ದನಿ ಕೇಳಿ ಹೊರಟುಬಿಟ್ಟಿತು! ವೇಳಾಪಟ್ಟಿಯೆಲ್ಲ ಬಾಯಿಪಾಠ. ನಿದ್ದೆಯಲ್ಲಿ ಕೇಳಿದರೂ ನಿಮಿಷ ತಪ್ಪುತ್ತಿರಲಿಲ್ಲ.

ಇಂಥವಳ ಸೊಸೆಗೆ ಒಂದೇ ಒಂದು ಪಾಠ ಬಾಯಿಗೆ ಬರುತ್ತಿರಲಿಲ್ಲ.

ಸೊಸೆ ನರ್ಸ್ ತರಬೇತಿಗೆ ಸೇರಿದ್ದಳು. ನೆಂಟರೆಲ್ಲ ಮೂಗು ಮುರಿದರೂ ಹಟ ಹಿಡಿದು ಸೇರಿಸಿದವಳು ಮೈಕಮ್ಮನೇ. ಆದರೆ ಹೃದಯದಲ್ಲಿ ರಕ್ತ ಹೇಗೆ ಓಡಾಡುತ್ತದೆ ಎನ್ನುವ ಪಾಠದ ಮೌಖಿಕ ಪರೀಕ್ಷೆಯಲ್ಲಿ ಸೊಸೆ ಒಮ್ಮೆ ಫೇಲಾಗಿದ್ದಳು. ಉಳಿದಿದ್ದು ಇನ್ನೊಂದೇ ಅವಕಾಶ. ಅದೂ ಕೈತಪ್ಪಿದರೆ ತರಬೇತಿಯಿಂದಲೇ ಹೊರಗೆ.

"ಜೋರಾಗಿ ಓದೇ! ನಾನು ಕಲಿತಿದ್ದೂ ಹಾಗೇ!" ಎಂದು ಮೈಕಮ್ಮ ಬೆಳಗಿನಿಂದ ಸಂಜೆಯವರೆಗೆ ಓದಿಸಿದಳು. ಸೊಸೆ ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಳು. ನಡುವೆ ಒಂದು ಪದ ಜಾರಿದರೆ ಮುಗಿಯಿತು, ಮತ್ತೆ ಮೊದಲಿನಿಂದ.

ಎದುರುಮನೆಯ ಟೀಚರಕ್ಕ ಕೊನೆಗೆ ಬಾಗಿಲಿಗೇ ಬಂದು ನಿಂತಳು. "ದೊಡ್ಡಮ್ಮಾ, ಈ ಪಾಠ ನಮ್ಮನೆ ಬೆಕ್ಕಿಗೂ ಬಾಯಿಪಾಠ ಆಗಿದೆ. ಆದ್ರೆ ಅದಕ್ಕೆ ಅರ್ಥ ಆಗಿದೆಯಾ?"

"ಅರ್ಥ ಯಾವನಿಗೆ ಬೇಕು ತಾಯಿ? ಪಾಸಾದ್ರೆ ಸಾಕು."

ಟೀಚರಕ್ಕ ಸೊಸೆಯ ಕಡೆ ತಿರುಗಿದಳು. "ಹೃದಯದಲ್ಲಿ ಕವಾಟ ಯಾಕಿದೆ ಹೇಳು?"

ಸೊಸೆ ಪಾಠವನ್ನು ಮೊದಲ ಸಾಲಿನಿಂದ ಶುರುಮಾಡಿದಳು. ಕವಾಟದವರೆಗೆ ತಲುಪಲೇ ಇಲ್ಲ. ಕಣ್ಣಲ್ಲಿ ನೀರು ತುಂಬಿತು.

"ಅಳಬೇಡ ಕಣೇ, ನೀನೇನೂ ದಡ್ಡಿಯಲ್ಲ. ನಿನಗೆ ಒಂದೇ ದಾರಿ ಕೊಟ್ಟಿದ್ದಾರೆ, ಅಷ್ಟೆ. ಮನೆಯಲ್ಲಿ ಎಷ್ಟು ಕೋಣೆ?"

"ನಾಲ್ಕು."

"ಹೃದಯಕ್ಕೂ ನಾಲ್ಕೇ. ಏಳು, ನಡೆದು ನೋಡೋಣ."

ಮೈಕಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಇದೇನು, ಚಿಕ್ಕ ಮಕ್ಕಳ ಆಟವಾ? ದೊಡ್ಡ ಓದು ಓದೋರು ಮನೆ ತುಂಬ ಕುಣಿದಾಡ್ತಾರಾ?"

"ದೊಡ್ಡ ಓದಿನವರೇ ಜಾಸ್ತಿ ಕುಣಿಯೋದು ದೊಡ್ಡಮ್ಮಾ! ಸೇತುವೆ ಕಟ್ಟೋರು ಮೊದಲು ಕಡ್ಡಿ ಜೋಡಿಸಿ ನೋಡ್ತಾರೆ. ರಸಾಯನ ಓದೋರು ಮಣಿ ಪೋಣಿಸಿ ಅಣು ಮಾಡ್ತಾರೆ. ಇತಿಹಾಸದವರು ನಕ್ಷೆ ಹರಡ್ಕೊಂಡು ಕೂರ್ತಾರೆ. ಲೆಕ್ಕದವರಂತೂ ಗೋಡೆ ಬಿಡಲ್ಲ, ಗೀಚಿದ್ದೇ ಗೀಚಿದ್ದು."

"ಅತ್ತೇ, ಒಂದ್ಸಲ ನೋಡೋಣ," ಎಂದಳು ಸೊಸೆ ಮೆಲ್ಲಗೆ.

"ಒಂದ್ಸಲ. ಆಮೇಲೆ ಪುಸ್ತಕ!"

ಸೊಸೆ ಚಾಕ್‌ಪೀಸಿನಿಂದ ನೆಲದ ಮೇಲೆ ದಾರಿ ಬರೆದಳು. ಹಿತ್ತಿಲು ಎಂದರೆ ಇಡೀ ದೇಹ. ಅಲ್ಲಿಂದ ಬಲಗಡೆಯ ಉಗ್ರಾಣ, ಅಡುಗೆಮನೆ. ಅಲ್ಲಿಂದ ಗಾಳಿ ಆಡುವ ಜಗಲಿ, ಅದು ಶ್ವಾಸಕೋಶ. ಜಗಲಿಯಿಂದ ಎಡಗಡೆಯ ನಡುಮನೆ, ಮಲಗುವ ಕೋಣೆ, ಪಕ್ಕದ ಬಾಗಿಲಿನಿಂದ ಮತ್ತೆ ಹಿತ್ತಿಲು. ರಕ್ತ ಬೇಕಲ್ಲ? ಬೀದಿಯವರೆಲ್ಲ ಬಂದರು. ಎಷ್ಟು ಜನ ಎಂದರೆ, ಊರಲ್ಲಿ ಅಂಗಡಿ ಕಾಯಲು ನೊಣಗಳು ಮಾತ್ರ ಉಳಿದವು! ಹೆಗಲಿಗೆ ನೀಲಿ ಬಟ್ಟೆ ಹಾಕಿಕೊಂಡು ಬರುವುದು, ಜಗಲಿಯಲ್ಲಿ ಗಾಳಿ ಕುಡಿದು ಕೆಂಪು ಬಟ್ಟೆ ಹಾಕಿಕೊಂಡು ಹೋಗುವುದು.

ನಡುಮನೆಗೂ ಮಲಗುವ ಕೋಣೆಗೂ ನಡುವಿನ ಬಾಗಿಲಲ್ಲಿ ಕವಾಟವಾಗಿ ಕೂತವಳು ಮೈಕಮ್ಮ. ಕಾಲು ಅಡ್ಡ ಚಾಚಿ, "ಮುಂದೆ ಮಾತ್ರ ಹೋಗಬೇಕು! ಹಿಂದೆ ಬರುವಂತಿಲ್ಲ!" ಎಂದು ಕೂಗಿದಳು. ನಿಲ್ದಾಣದಲ್ಲಿ ನಾಲ್ಕು ಜನ ಗಂಟು ಹೊತ್ತು ಎದ್ದು ನಿಂತರಂತೆ.

ಎರಡು ಸುತ್ತು ಸಲೀಸಾಗಿ ಹರಿಯಿತು. ಮೂರನೆಯದರಲ್ಲಿ ಮೈಕಮ್ಮನ ಗಂಡ, ಗಡಿಯಾರ ರಿಪೇರಿಯ ಮಾವ, ಮಲಗುವ ಕೋಣೆಯಿಂದ ತಲೆ ಹಾಕಿದರು.

"ಏ ಇವಳೇ, ಕನ್ನಡಕ ನಡುಮನೇಲೇ ಬಿಟ್ಟೆ. ಸ್ವಲ್ಪ ದಾರಿ ಬಿಡು."

"ಮುಂದೆ ಹೋದ ರಕ್ತ ವಾಪಸ್ ಬರಲ್ಲ ರೀ. ಸುತ್ತು ಹಾಕ್ಕೊಂಡು ಬನ್ನಿ!"

"ಮಂಡಿ ನೋವು ಕಣೇ."

ಎಷ್ಟಾದರೂ ಗಂಡ. ಮೈಕಮ್ಮನ ಮನಸ್ಸು ಕರಗಿತು, ಕಾಲು ಗೇಣುದ್ದ ಮೇಲೆ ಹೋಯಿತು. ಮಾವ ನುಗ್ಗಿದರು, ಅವರ ಹಿಂದೆ ಇನ್ನಿಬ್ಬರು. ಜಗಲಿಯಿಂದ ಬರುತ್ತಿದ್ದವರಿಗೆ ಎದುರೆದುರೇ ಡಿಕ್ಕಿ! ನಡುಮನೆ ಕಿಕ್ಕಿರಿಯಿತು. ಜಗಲಿಯಲ್ಲಿದ್ದವರು ಮುಂದೆ ಹೋಗಲಾರರು, ಹಿಂದಿನಿಂದ ಜನ ಬರುತ್ತಲೇ ಇದ್ದಾರೆ.

"ಮುಂದೆ ಹೋಗ್ರಪ್ಪೋ, ಉಸಿರು ಕಟ್ತಿದೆ!" ಎಂದು ಜಗಲಿಯಿಂದ ದಪ್ಪ ಕಿರಾಣಿಯಣ್ಣ ಕೂಗಿದ.

ಗುಂಪಿನ ನಡುವೆ ಸಿಕ್ಕಿದ್ದ ಸೊಸೆ ಗಕ್ಕನೆ ನಿಂತಳು. "ಅತ್ತೇ! ಗೊತ್ತಾಯ್ತು! ಈ ಕವಾಟ ಸೋರಿದ್ರೆ ರಕ್ತ ಹಿಂದಕ್ಕೆ ಬರುತ್ತೆ. ಈ ಕೋಣೆ ತುಂಬುತ್ತೆ, ಆಮೇಲೆ ಶ್ವಾಸಕೋಶದಲ್ಲಿ ಒತ್ತಡ. ತೊಂದರೆ ಹೃದಯದ್ದು, ಉಸಿರು ಕಟ್ಟೋದು ಅದಕ್ಕೇ!"

"ಈಗ ಪುಸ್ತಕ ತೆಗಿ. ನೀನು ಹೇಳಿದ್ದು ಸರಿಯಾ ನೋಡು," ಎಂದಳು ಟೀಚರಕ್ಕ. ಸರಿಯಾಗಿಯೇ ಇತ್ತು. "ಇನ್ನು, ಮನೆ ಎಲ್ಲಿ ಹೃದಯದ ಹಾಗಿಲ್ಲ, ಅದನ್ನೂ ಹೇಳು. ಇಲ್ಲದಿದ್ರೆ ಆಟವೇ ನಿಜ ಅಂದ್ಕೊಂಡುಬಿಡ್ತೀಯ."

ಸೊಸೆ ಯೋಚಿಸಿದಳು. "ಹೃದಯದ ಎರಡೂ ಕಡೆ ಒಟ್ಟಿಗೇ ಹಿಂಡುತ್ತೆ. ಕವಾಟ ರಕ್ತದ ಒತ್ತಡಕ್ಕೆ ತೆರೆದು ಮುಚ್ಚುತ್ತೆ. ಮತ್ತೆ ಅದಕ್ಕೆ ಗಂಡನ ಮೇಲೆ ಕನಿಕರ ಇರಲ್ಲ."

ಬೀದಿಯೆಲ್ಲ ನಕ್ಕಿತು. ಮೈಕಮ್ಮನೂ ನಕ್ಕಳು.

ಪರೀಕ್ಷೆಯ ದಿನ ಮೈಕಮ್ಮ ಗಾಜಿನ ಬಾಗಿಲಾಚೆ ನಿಂತಿದ್ದಳು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಸೊಸೆ ನಡುವೆ ತಡವರಿಸಿದ್ದು ಕಾಣಿಸಿತು. ಮೈಕಮ್ಮನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಕಟ್ಟಡದ ಸುಣ್ಣ ಉದುರಿತು. ಆದರೆ ಸೊಸೆ ಮೊದಲ ಸಾಲಿಗೆ ಓಡಲಿಲ್ಲ. ಒಂದು ಹಾಳೆ ಕೇಳಿ ಪಡೆದಳು, ಚಿತ್ರ ಬರೆದಳು, ಬೆರಳಿನಿಂದ ದಾರಿ ತೋರಿಸುತ್ತ ತನ್ನದೇ ಮಾತಿನಲ್ಲಿ ಹೇಳತೊಡಗಿದಳು.

ಹೊರಗೆ ಬಂದವಳೇ ಅತ್ತೆಯನ್ನು ತಬ್ಬಿಕೊಂಡಳು. "ಪಾಸಾದೆ ಅತ್ತೇ! ಕವಾಟ ಸೋರಿದ್ರೆ ಏನಾಗುತ್ತೆ ಅಂತಾನೇ ಕೇಳಿದ್ರು. ನಿಮ್ಮ ಉಪಕಾರ."

"ನಂದೇನೇ? ನಾನು ಕೂಗಿ ಕೂಗಿ ನಿನ್ನ ತಲೆ ತಿಂದೆ."

"ನೆಂಟರೆಲ್ಲ ಬೇಡ ಅಂದಾಗ ಓದು ಅಂದವರು ನೀವೊಬ್ಬರೇ. ಆಮೇಲೆ ಮನೇನೇ ಬಿಟ್ಟುಕೊಟ್ರಿ."

ಮೈಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನೇರ ಟೀಚರಕ್ಕನ ಮನೆಗೆ ಹೋಗಿ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಋಣ ದೊಡ್ಡದು ತಾಯಿ. ನಮ್ಮ ಹುಡುಗಿ ಉಳಿದಳು." ಆಮೇಲೆ ಬೀದಿಯ ಮನೆಮನೆಗೂ ಹೋಗಿ, ರಕ್ತವಾಗಿ ಹರಿದವರಿಗೆಲ್ಲ ಒಬ್ಬೊಬ್ಬರಿಗೂ ಕೈಮುಗಿದಳು.

ಈ ಕಥೆ ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಒಂದು ಪಾಠದ ಮುಂದೆ ತಲೆ ತಗ್ಗಿಸಿ ಕೂತಿರಬಹುದು. ಲೆಕ್ಕವಿರಲಿ, ವಿಜ್ಞಾನವಿರಲಿ, ಇತಿಹಾಸವಿರಲಿ, ದಡ್ಡ ಎನ್ನಬೇಡಿ. ಪುಸ್ತಕ ಓದಲಿ. ಜೊತೆಗೆ ಚಿತ್ರ ಬರೆಯಲಿ, ಕೈಯಾರೆ ಮಾಡಲಿ, ನಡೆದು ನೋಡಲಿ, ತಮ್ಮ ಮಾತಿನಲ್ಲಿ ನಿಮಗೆ ಹೇಳಲಿ; ಹೇಳಿದ್ದು ಸರಿಯೇ ಎಂದು ಮತ್ತೆ ಪುಸ್ತಕ ತೆಗೆದು ನೋಡಲಿ. ನೀವು ಮಾಡಬೇಕಾದದ್ದು ಇಷ್ಟೇ: ಇವತ್ತು ಸಂಜೆ ಅರ್ಧ ಗಂಟೆ ಅವರ ಜೊತೆ ನೆಲದ ಮೇಲೆ ಕೂತು, "ನನಗೂ ತೋರಿಸು" ಎನ್ನಿ.