ಸೀಸೆಯೊಳಗಿನ ಕಲ್ಲು

ಊಟ ಮುಗಿಸಿದ ಮೇಸ್ತ್ರಿಯ ಅಂಗೈಗೆ ಹೆಂಡತಿ ಮಾತ್ರೆ ಹಾಕಿದಳು. ಅವನು ಬಾಯಿಗೆ ಹಾಕಿಕೊಂಡು ನೀರು ಕುಡಿದ. ಅವಳು ಒಳಗೆ ಹೋದದ್ದೇ ತಡ, ದವಡೆಗೆ ಒತ್ತಿಟ್ಟುಕೊಂಡಿದ್ದ ಮಾತ್ರೆಯನ್ನು ಹೂಕುಂಡಕ್ಕೆ ಉಗಿದು ಮಣ್ಣು ಮುಚ್ಚಿದ.

ಪಿತ್ತಕೋಶದ ಕಲ್ಲು ಎಂದು ಹೇಳಿ ಮನೆಯವರು ಹೊಟ್ಟೆ ಕೊಯ್ಯಿಸಿದ್ದರು. ಗಾಯ ಮಾಗಿದ ಮೇಲೂ ಮಾತ್ರೆ ಯಾಕೆ? ತಾನು ಬಂದೊಡನೆ ಮನೆಯವರ ಮಾತು ನಿಲ್ಲುವುದು ಯಾಕೆ? ಸದಾ ಕಾಲೆಳೆಯುತ್ತಿದ್ದ ಭಾವಮೈದುನ ಈಗ ಬೆಣ್ಣೆ ಹಚ್ಚುವುದು ಯಾಕೆ? ಪಕ್ಕದ ಮನೆಯ ದರ್ಜಿ ತನ್ನ ಹೊಟ್ಟೆಯಿಂದ ತೆಗೆದ ಕಲ್ಲನ್ನು ಸೀಸೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದ. ತನ್ನ ಕಲ್ಲೆಲ್ಲಿ ಎಂದು ಮೇಸ್ತ್ರಿ ಕೇಳದ ದಿನವಿರಲಿಲ್ಲ.

ಸಂಜೆ ಭಾವಮೈದುನ ಸೀಸೆಯೊಂದನ್ನು ತಂದು ಮುಂದಿಟ್ಟ. "ತಗೊಳ್ಳಿ ಭಾವ, ನಿಮ್ಮ ಕಲ್ಲು. ಈಗ ಸಮಾಧಾನ ಆಯ್ತಾ?"

ಮೇಸ್ತ್ರಿ ಅದನ್ನು ಅಂಗೈಗೆ ಸುರಿದುಕೊಂಡು ಉಗುರಿನಿಂದ ಕೆರೆದ. "ಬೀದಿ ತುದೀಲಿ ಮನೆ ಕಟ್ತಿದಾರಲ್ಲ, ಅಲ್ಲಿನ ಜಲ್ಲಿ ನನ್ನ ಹೊಟ್ಟೆಗೆ ಯಾವಾಗ ಬಂತಪ್ಪ?"

ಭಾವಮೈದುನನ ಮುಖ ಇಂಗು ತಿಂದ ಮಂಗನಂತಾಯಿತು. "ನಿಮ್ಮ ಒಳ್ಳೇದಕ್ಕೇ ಭಾವ. ಆ ಹೆಸರು ಕೇಳಿದ್ರೆ ನೀವು ಕುಸಿದುಬಿಡ್ತೀರಿ ಅಂತ…"

"ಯಾವ ಹೆಸರು?"

"ಕ್ಯಾನ್ಸರ್ ರೀ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ಲಿವರ್ ಒಳಗಿನ ಪಿತ್ತನಾಳದಲ್ಲಿ. ಗಡ್ಡೆ ತೆಗೆದಿದಾರೆ."

ಮೇಸ್ತ್ರಿ ಜಲ್ಲಿಯನ್ನು ಮತ್ತೆ ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದ. "ನಾನು ಸತ್ತ ಮೇಲೆ ಹೇಳೋಣ ಅಂತಿದ್ರಾ?"

ಮರುದಿನ ಹೆಂಡತಿಯೊಂದಿಗೆ ಡಾಕ್ಟರಮ್ಮನ ಎದುರು ಕುಳಿತ. "ನನ್ನ ಮುಖ ನೋಡಿ ಹೇಳಿ. ಎಲ್ಲ ತೆಗೆದ ಮೇಲೂ ಮಾತ್ರೆ ಯಾಕೆ?"

"ಕೊಯ್ದ ಅಂಚಿನಲ್ಲಿ ಏನೂ ಉಳಿದಿಲ್ಲ. ಉಳಿದಿದ್ರೆ ವಿಕಿರಣ ಚಿಕಿತ್ಸೆಯ ಮಾತೂ ಬರ್ತಿತ್ತು. ಆದ್ರೆ ಕಣ್ಣಿಗೆ ಕಾಣದ ಚೂರು ಎಲ್ಲೋ ಇರಬಹುದು. ಮಾತ್ರೆಯಿಂದ ಅದು ಮರಳಿ ಬರೋದು ಕಡಿಮೆಯಾಗಬಹುದು, ಖಂಡಿತ ಅಂತ ಹೇಳಲಾರೆ. ಅಂಗೈ ಉರಿಯುತ್ತೆ, ಭೇದಿಯೂ ಆಗಬಹುದು. ಬೇಡ ಅಂದ್ರೆ ಆಗಾಗ ಸ್ಕ್ಯಾನ್ ಮಾಡಿ ಕಾದು ನೋಡೋದು. ತೀರ್ಮಾನ ನಿಮ್ಮದು. ಇಲ್ಲಿತನಕ ನುಂಗಿದ್ದು ಹೇಗಿದೆ?"

"ನುಂಗಿದ್ದು ನಾನಲ್ಲ, ಹೂಕುಂಡ."

ಹೆಂಡತಿ ತಿರುಗಿ ನೋಡಿದಳು. "ದಿನಾ ನನ್ನೆದುರೇ ನೀರು ಕುಡಿದ್ರಲ್ರೀ."

"ದಿನಾ ನನ್ನೆದುರೇ ಕಲ್ಲು ಅಂದ್ಯಲ್ಲೇ."

ಡಾಕ್ಟರಮ್ಮ ಕೆಮ್ಮಿದರು. "ಬಿಟ್ಟಿದ್ದನ್ನ ಸೇರಿಸಿ ನುಂಗಬೇಡಿ. ರಕ್ತ ಪರೀಕ್ಷೆ ನೋಡ್ಕೊಂಡು ಹೊಸದಾಗಿ ಶುರು ಮಾಡಬಹುದು. ಯೋಚನೆ ಮಾಡಿ."

"ಯೋಚನೆ ಆಯ್ತು. ಪರೀಕ್ಷೆಗೆ ಬರೆದುಕೊಡಿ."

ಪರೀಕ್ಷೆ ಸರಿಯಿತ್ತು. ಅಂದು ಊಟವಾದ ಮೇಲೆ ಮೇಸ್ತ್ರಿ ತಾನೇ ಮಾತ್ರೆ ಬಿಡಿಸಿಕೊಂಡು ನುಂಗಿದ. ಹೆಂಡತಿಯ ಮುಂದೆ ಹೋಗಿ ಬಾಯಿ ಅಗಲಿಸಿ, ನಾಲಿಗೆಯೆತ್ತಿ ನಿಂತ.

ಅವಳು ನೋಡಲಿಲ್ಲ.

"ಮುಚ್ರೀ, ನೊಣ ಹೋದೀತು," ಎಂದು ಹೂಕುಂಡಕ್ಕೆ ನೀರು ಹಾಕಲು ಹೋದಳು.